ಮಾಲ್ಟಾದ ಪಾಲಿಗೆ ಬಂದ ಮಗಳು

ಕೊರೋನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ. ಕೊಲಂಬಿಯಾ ಊರಿನ ನಮ್ಮ ಮನೆಗೆ ಒಂದು ಮಧ್ಯಾಹ್ನ ಮಗಳು ಮುಖ ಊದಿಸಿಕೊಂಡು ಬಂದಳು. ಆಗ ಹತ್ತನೇ ತರಗತಿ. ಅವಳ ಹೈಸ್ಕೂಲಿನಲ್ಲಿ ಯುರೋಪ್ ಒಕ್ಕೂಟದ ಅಣಕು ಸಭೆ ಇತ್ತು. ಬ್ರಿಟನ್ ಎದ್ದು ಹೋದ ಮೇಲೆ ಉಳಿದವರು ಹೇಗೆ ನಡೆದುಕೊಳ್ಳಬೇಕು ಎಂಬುದೇ ಚರ್ಚೆ. ಒಬ್ಬೊಬ್ಬರಿಗೆ ಒಂದೊಂದು ದೇಶ.

"ಮಾಲ್ಟಾ ಕೊಟ್ರು ಅಪ್ಪ. ಇಟ್ಸ್ ಸೋ ಟೈನಿ! ಮ್ಯಾಪಲ್ಲಿ ಕಾಣೋದೇ ಇಲ್ಲ."

ಮಾಲ್ಟಾ ಬಗ್ಗೆ ನನಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ವಾರ ಇಬ್ಬರೂ ಓದಿದೆವು. ತೆರಿಗೆ ಆಯಾ ದೇಶದ ಕೈಯಲ್ಲೇ ಇರಲಿ ಎಂದು ಒಕ್ಕೂಟದಲ್ಲಿದ್ದಾಗ ಬ್ರಿಟನ್ ಗಟ್ಟಿಯಾಗಿ ವಾದಿಸುತ್ತಿತ್ತು. ಅದೇ ಬೇಕಾಗಿದ್ದ ಚಿಕ್ಕ ದೇಶಗಳು ಅದರ ಬೆನ್ನ ಹಿಂದೆ ಸುಮ್ಮನೆ ಕೂತಿದ್ದರೂ ನಡೆಯುತ್ತಿತ್ತು.

"ಸೋ, ಈಗ ಯಾರು ನೋ ಹೇಳ್ತಾರೆ?"

"ನೀನೇ ಹೇಳ್ಬೇಕು ಪುಟ್ಟಿ. ಒಬ್ಳಿಗೇ ಕಷ್ಟ ಅಂದ್ರೆ ಜೊತೆಗೆ ಯಾರು ಬರ್ತಾರೆ ನೋಡು."

ಶನಿವಾರದ ಸಭೆಯಲ್ಲಿ ಪೋಷಕರಿಗೆ ಹಿಂದಿನ ಸಾಲು. ಜರ್ಮನಿ, ಫ್ರಾನ್ಸ್ ಆಗಿದ್ದ ಇಬ್ಬರು ಎತ್ತರದ ಸೀನಿಯರ್‌ಗಳು, ಎಲ್ಲರಿಗೂ ಒಂದೇ ತೆರಿಗೆ ನೀತಿ ಇರಲಿ ಎಂದು ನಿರ್ಣಯ ಮಂಡಿಸಿದರು. ನಾಲ್ಕು ದೇಶ ವಿರೋಧಿಸಿದರೆ ಮಾತ್ರ ಅದು ಬೀಳುತ್ತದೆ ಎಂದು ಶಿಕ್ಷಕಿ ನಿಯಮ ಮಾಡಿದ್ದರು. ನಮ್ಮವಳು ಮಾತಾಡಲು ಮೂರು ಸಲ ದೇಶದ ಹೆಸರಿನ ಫಲಕ ಎತ್ತಿದಳು. ಯಾರ ಕಣ್ಣಿಗೂ ಬೀಳಲಿಲ್ಲ.

ಬ್ರೇಕ್ ಆಯಿತು. ಎಲ್ಲರೂ ಪಿಜ್ಜಾಗೆ ಸಾಲು ನಿಂತರು. ಮಗಳು ಮಾತ್ರ ವಿರೋಧ ಬರೆದ ಕಾಗದ ಹಿಡಿದು, ಐರ್ಲೆಂಡ್ ಆಗಿದ್ದ ಹುಡುಗಿಯ ಬಳಿ ಹೋದಳು, ಅಲ್ಲಿಂದ ಇಬ್ಬರೂ ಲಕ್ಸೆಂಬರ್ಗ್ ಬಳಿಗೆ. ಆ ಎರಡು ದೇಶಗಳೂ ಬೇಗ ಒಪ್ಪಿ ಸಹಿ ಹಾಕಿದವು. ಎಸ್ಟೋನಿಯಾ ಒಲ್ಲೆ ಎಂದು ತಲೆ ಅಲ್ಲಾಡಿಸಿತು. ಅದಕ್ಕೆ ಚಿಂತೆ ಗಡಿ ರಕ್ಷಣೆಯದು. ಮಗಳು ಮೊಣಕಾಲೂರಿ ಕೂತು ಏನೋ ಬರೆದುಕೊಟ್ಟಳು. ಅದನ್ನು ಎರಡು ಸಲ ಓದಿ ಅದೂ ಸಹಿ ಹಾಕಿತು.

ಸಭೆ ಮತ್ತೆ ಶುರುವಾದಾಗ ನಾಲ್ಕು ಫಲಕಗಳು ಒಟ್ಟಿಗೆ ಎದ್ದವು. ಅಧ್ಯಕ್ಷರು ನೋಡಲೇಬೇಕಾಯಿತು. ಮಗಳು ಎದ್ದು ನಿಂತಳು. ಇಷ್ಟು ದಿನ ನಮ್ಮ ಮಾತನ್ನೂ ಬ್ರಿಟನ್ನೇ ಆಡಲಿ ಎಂದು ಬಿಟ್ಟದ್ದು ನಮ್ಮ ತಪ್ಪು, ಇನ್ನು ನಾವೇ ಆಡುತ್ತೇವೆ ಎಂದಳು. ನಿರ್ಣಯ ಬಿತ್ತು. ಆಮೇಲೆ ಗಡಿ ರಕ್ಷಣೆಯ ಮಾತು ಬಂದಾಗ ಕೊಟ್ಟ ಮಾತಿನಂತೆ ಎಸ್ಟೋನಿಯಾದ ಪರ ಕೈ ಎತ್ತಿದಳು.

ಕಾರಿನಲ್ಲಿ ಕೇಳಿದೆ, "ಎಸ್ಟೋನಿಯಾ ಒಪ್ಪದೆ ಇದ್ದಿದ್ರೆ?"

"ಸೈಪ್ರಸ್‌ನ ಕೇಳ್ತಿದ್ದೆ. ಅಪ್ಪ, ಐ ಆಮ್ ಸ್ಟಾರ್ವಿಂಗ್!"

ಮುಂದಿನ ಭಾನುವಾರ ಐರ್ಲೆಂಡಿನ ಹುಡುಗಿ ನಮ್ಮ ಮನೆಗೆ ಬಂದಳು. ಮೂರು ದೋಸೆ ತಿಂದು, ನಾಲ್ಕನೆಯದಕ್ಕೆ ಚಟ್ನಿ ಜಾಸ್ತಿ ಹಾಕಿಸಿಕೊಂಡಳು. ಅಡುಗೆಮನೆಯಲ್ಲಿ ಕಾವಲಿಯ ಮುಂದೆ ನಿಂತಿದ್ದ ನನಗೆ ಅವರಿಬ್ಬರ ನಗು ಕೇಳಿಸುತ್ತಲೇ ಇತ್ತು.