ಸೆರಗು, ಜಡೆ

ಎಂಬತ್ತರ ದಶಕದಲ್ಲಿ ನಾನು ನ್ಯಾಮತಿಯಲ್ಲಿ ಟೀಚರಾಗಿದ್ದಾಗ ಶಾಲೆಯ ಹುಡುಗಿಯರನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದೆವು. ನನ್ನ ಜೊತೆ ಚಿಕ್ಕಮ್ಮನೂ ಬಂದಳು. ಹಳೆಯ ಯಂತ್ರಗಳ ಮ್ಯೂಸಿಯಂ ತೋರಿಸುವುದೂ ಇದೆ ಎಂದು ಹೆಡ್‌ಮಾಸ್ಟರು ಬಸ್ಸು ಹೊನ್ನಾಳಿ ದಾಟಿದ ಮೇಲೆ ಹೇಳಿದರು. ಮೊದಲೇ ಗೊತ್ತಿದ್ದರೆ ಏನಾದರೂ ನೆಪ ಹೇಳಿ ಅವಳನ್ನು ಮನೆಯಲ್ಲೇ ಬಿಡುತ್ತಿದ್ದೆ.

ಹೆದರಿದ್ದಂತೆಯೇ ಆಯಿತು. ಹಗ್ಗ ಕಟ್ಟಿದ ಜಾಗದಲ್ಲಿ ಆಳೆತ್ತರದ ಚಕ್ರದ ಎಂಜಿನ್ನು, ಅಗಲವಾದ ಬೆಲ್ಟು, ಎಣ್ಣೆಯ ಅದೇ ಕಮಟು. ಅದನ್ನು ಈಗಲೂ ಓಡಿಸಿ ತೋರಿಸುತ್ತಾರಂತೆ.

ಜಗಳೂರಿನ ಶೇಂಗಾ ಮಿಲ್ಲಿನಲ್ಲಿ ಇಂಥದ್ದೇ ಎಂಜಿನ್ನಿತ್ತು. ಎಪ್ಪತ್ತರ ದಶಕದಲ್ಲಿ, ನನಗೆ ಹದಿನಾರು ತುಂಬಿದ್ದಾಗ, ರಜೆಯಲ್ಲಿ ಬೀಜ ಆರಿಸಲು ಹೋಗುತ್ತಿದ್ದೆ. ನನಗಿಂತ ನಾಲ್ಕೇ ವರ್ಷ ದೊಡ್ಡವಳಾದ ಚಿಕ್ಕಮ್ಮ ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಜಡೆ ಮೊಣಕಾಲು ಮುಟ್ಟುತ್ತಿತ್ತು. ಬೆಲ್ಟು ಹಾಕುವ ಮುಂಚೆ ಎಂಜಿನ್ ಮೇಸ್ತ್ರಿ, “ಸೆರಗೂ, ಜಡೇ!” ಎಂದು ಕೂಗುತ್ತಿದ್ದ. ಸೆರಗು ಸಿಗಿಸಿ, ಜಡೆ ತುರುಬು ಕಟ್ಟಿಕೊಂಡು, ಸಾಲಿನಲ್ಲಿ ಒಬ್ಬೊಬ್ಬರೂ “ಕಟ್ಟೀನಿ” ಅನ್ನಬೇಕು. ಎಲ್ಲರೂ ಹೇಳಿದ ಮೇಲೆಯೇ ಬೆಲ್ಟು.

ಆ ದಿನ ಚಿಕ್ಕಮ್ಮ ನೀರು ಕುಡಿಯಲು ಎದ್ದು ಹೋಗಿದ್ದಳು. ತಡ ಮಾಡಿದವರಿಗೆ ಮೇಸ್ತ್ರಿ ಅಮ್ಮ ಅಕ್ಕ ಸೇರಿಸಿ ಬೈಯುತ್ತಿದ್ದ. ಬೈಗುಳ ತಪ್ಪಲಿ ಎಂದು, ನನ್ನ ಸರದಿ ಹೇಳಿದ ಮೇಲೆ ದನಿ ಬದಲಿಸಿ ಅವಳದ್ದನ್ನೂ ನಾನೇ ಹೇಳಿಬಿಟ್ಟೆ. ದೊಡ್ಡ ಜಾಣೆ! ಬೆಲ್ಟು ಓಡತೊಡಗಿತು. ಅವಳು ಜಡೆ ಇಳಿಬಿಟ್ಟುಕೊಂಡೇ ಓಡಿ ಬಂದು ಚೆಲ್ಲಿದ ಬೀಜ ಬಾಚಲು ಬಗ್ಗಿದಳು. ಜಡೆ ಬೆಲ್ಟಿಗೆ ಸಿಕ್ಕಿತು. ಮೇಸ್ತ್ರಿ ಕೋಲಿನಿಂದ ಬೆಲ್ಟು ತಪ್ಪಿಸುವಷ್ಟರಲ್ಲಿ ನೆತ್ತಿಯ ಅರ್ಧ ಕೂದಲು ಚರ್ಮದ ಸಮೇತ ಹೋಗಿತ್ತು.

“ಕಟ್ಟೀನಿ ಅಂತ ಆಕೀನೇ ಕೂಗಿದ್ಳು, ನನ್ ಕಿವಿಯಾರೆ ಕೇಳೀನಿ,” ಎಂದು ಮೇಸ್ತ್ರಿ ಆಣೆ ಮಾಡಿದ. ಸುಳ್ಳು ಹೇಳಿ ಜಡೆ ಕಳೆದುಕೊಂಡವಳು ಎಂದು ಊರು ಆಡಿಕೊಂಡಿತು. ನೋಡಲು ಬಂದ ಗಂಡುಗಳು ತಲೆಯ ಬಟ್ಟೆ ಕಂಡು ಎದ್ದು ಹೋದರು. ನಾನು ತುಟಿ ಬಿಚ್ಚಲಿಲ್ಲ. ಕೆಲಸ ಸಿಕ್ಕ ಮೇಲೆ ಅವಳನ್ನು ನನ್ನ ಮನೆಗೇ ಕರೆದುಕೊಂಡೆ. ನೋಡಿದವರು ಎಂಥ ಅಂತಃಕರಣ ಎಂದರು. ಅಂತಃಕರಣವಲ್ಲ, ಭಯ. ಎಂದಾದರೂ ಅವಳಿಗೆ ಗೊತ್ತಾದೀತು ಎಂಬ ಭಯ.

ಈಗ ಅವಳು ಆ ಎಂಜಿನ್ನನ್ನೇ ನೋಡುತ್ತ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕತೆಯೂ ಅದೇ. “ಹೊರಗೆ ಹೋಗಣ ಬಾ ಚಿಕ್ಕಮ್ಮ, ಇಲ್ಲಿ ಸೆಕೆ,” ಎಂದೆ. ಅವಳು ಅಲುಗಲಿಲ್ಲ.

ಖಾಕಿ ಅಂಗಿಯವನು ಬಂದು ಸ್ವಿಚ್ಚಿಗೆ ಕೈ ಹಾಕಿದ. ಯಾರೂ ಕೂಗಲಿಲ್ಲ. ನಮ್ಮ ಹುಡುಗಿಯರು ಜಡೆ ಇಳಿಬಿಟ್ಟುಕೊಂಡು ಹಗ್ಗದ ಮೇಲೆ ಬಾಗಿದ್ದರು.

“ಸೆರಗೂ, ಜಡೇ!”

ಕೂಗಿದವಳು ನಾನೇ. ಖಾಕಿಯವನ ಕೈ ಅಲ್ಲೇ ನಿಂತಿತು. ಹುಡುಗಿಯರು ಬೆಪ್ಪಾಗಿ ನನ್ನನ್ನು ನೋಡಿದರು, ಒಂದಿಬ್ಬರು ಕಿಸಕ್ಕೆಂದರು.

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ತಲೆಯ ಬಟ್ಟೆಯನ್ನು ಬಿಗಿ ಮಾಡಿಕೊಂಡಳು.

“ಕಟ್ಟೀನಿ,” ಎಂದಳು. ಆಮೇಲೆ ನನಗಷ್ಟೇ ಕೇಳುವಂತೆ, “ಈ ಸಲ ನಂದು ನಾನೇ ಹೇಳೀನಿ ಕಣೆ. ನೀನು ಹೇಳಬ್ಯಾಡ.”