ಒಂದೇ ಕೈ ಬಲ್ಲ ಹಸು

ಹೇಮಗಿರಿ ಕಡೆಯ ಸಹನ ಕೆ.ಆರ್. ಪೇಟೆಯ ಕಾಲೇಜು ಸೇರಿ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲೇ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ಒಮ್ಮೆ ಬಸ್ಸಿನಲ್ಲಿ, ಒಮ್ಮೆ ಲ್ಯಾಬಿನಲ್ಲಿ. ಮೈಯಲ್ಲಿ ರಕ್ತ ತೀರಾ ಕಡಿಮೆಯಿದೆ, ಏನೂ ತಿನ್ನದೆ ಮನೆ ಬಿಡಬೇಡ ಎಂದಿದ್ದರು ಡಾಕ್ಟರು. ಮೊದಲ ಪಿರಿಯಡ್ಡಿನ ಮೇಡಂ ಹೇಳಿದ್ದು ಬೇರೆ: ಇನ್ನೊಂದು ದಿನ ತಪ್ಪಿದರೆ ಹಾಜರಾತಿ ಸಾಲದು, ಪರೀಕ್ಷೆಗೆ ಕೂರುವಂತಿಲ್ಲ.

ತಿಂಡಿಯೂ ಎಷ್ಟೋ ದಿನ ಮೊದಲ ಪಿರಿಯಡ್ಡೂ ತಪ್ಪುತ್ತಿದ್ದುದು ಕೆಂಪಿ ಎಂಬ ಹಸುವಿನಿಂದ. ಎಂಟನೇ ತರಗತಿಯಿಂದ ಅದರ ಹಾಲು ಕರೆಯುತ್ತಿದ್ದವಳು ಸಹನ. ಬೇರೆಯವರು ಕೆಚ್ಚಲಿಗೆ ಕೈಯಿಟ್ಟರೆ ಅದು ಹಾಲಿಳಿಸದೆ ಒದೆಯುತ್ತಿತ್ತು. ಸಗಣಿ ಬಾಚಿ, ಹುಲ್ಲು ಹಾಕಿ, ಕರೆದು ಏಳುವಷ್ಟರಲ್ಲಿ ಏಳೂವರೆ ಬಸ್ಸು ಹಾರನ್ ಹೊಡೆಯುತ್ತಿತ್ತು. ತಿಂಡಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಅವ್ವ ಪುಟ್ಟಗೌರಮ್ಮ ಒಲೆ, ನೀರು, ಪಾತ್ರೆಗಳ ನಡುವೆ ಓಡುತ್ತಿದ್ದಳು. ಅಪ್ಪ ಚಿಕ್ಕಸ್ವಾಮಿ ಕಾಫಿ ಕುಡಿದು, ತುಂಬಿದ ಕ್ಯಾನನ್ನು ಬೈಕಿಗೇರಿಸಿ ಡೈರಿಗೆ ಹೋಗುತ್ತಿದ್ದ. ಹಸು ಸಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರು ಹೇಳುತ್ತಿತ್ತು.

ಆ ಸೋಮವಾರ ಸಹನ ಏಳಲು ಹೋದಾಗ ಗೋಡೆ ತಿರುಗಿತು. ಗಂಟೆ ಆರೂ ಮುಕ್ಕಾಲು. ಹಸುವಿನ ಕೆಚ್ಚಲು ಬಿಗಿದಿದೆ ಎಂದು ಅಪ್ಪ ಅಂಗಳದಿಂದ ಮೂರು ಸಲ ಕರೆದ. ಒಂದು ದಿನ ಕಾಲೇಜು ಬಿಟ್ಟರೆ ಏನಾಗುತ್ತದೆ ಎಂದೂ ಕೇಳಿದ.

ಅವ್ವ ಸೌಟು ಕೆಳಗಿಟ್ಟಳು. ಮಗಳು ಕೊಟ್ಟಿಗೆಗೆಂದೇ ತೊಡುತ್ತಿದ್ದ ಹೂವಿನ ನೈಟಿಯನ್ನು ತಂದು ಗಂಡನ ಹೆಗಲ ಮೇಲೆ ಹಾಕಿದಳು.

"ತೊಟ್ಕೊಳಿ. ಅದುಕ್ಕೆ ಗೊತ್ತಿರೋದು ಕೂಸಿನ ಈ ವಾಸ್ನೇನೆ."

"ಊರೋರು ನೋಡುದ್ರೆ ನಗಾಕಿಲ್ವಾ?"

"ನಗ್ಲಿ ಬುಡಿ. ಕೂಸು ಬಸ್ಸಲ್ಲಿ ಬಿದ್ದಾಗ್ಲೂ ಅವ್ರೇ ನೋಡಿದ್ದು."

ಚಿಕ್ಕಸ್ವಾಮಿ ಬಾಗಿಲ ಕಡೆ ನೋಡಿ, ಅಂಗಿಯ ಮೇಲೆಯೇ ನೈಟಿ ಎಳೆದುಕೊಂಡ. ಕೆಂಪಿ ಮೂಸಿತು. ಕೈ ತಾಗಿದೊಡನೆ ಒದೆಯಿತು, ಬಕೆಟ್ಟು ಉರುಳಿತು. ಹೊಸ್ತಿಲಲ್ಲಿ ಕೂತ ಸಹನ ರೊಟ್ಟಿ ಮುರಿಯುತ್ತಿದ್ದಳು. ಹಾಲು ಬಾರದಿದ್ದರೆ ತಾನೇ ಏಳಬೇಕು. ಎದ್ದರೆ ಬಸ್ಸಿಲ್ಲ, ಪರೀಕ್ಷೆಯಿಲ್ಲ. ಅರ್ಧ ಎದ್ದವಳನ್ನು ಅವ್ವ ಭುಜ ಅದುಮಿ ಕೂರಿಸಿದಳು.

ಅಪ್ಪ ಕೆಚ್ಚಲಿಗೆ ಬಿಸಿನೀರು ತಟ್ಟಿ, ಮಗಳಂತೆ ಹಸುವಿನ ಹೊಟ್ಟೆಗೆ ಹಣೆಯೊತ್ತಿ ಕೂತ. ಕೆಂಪಿ ಬಾಲ ಬೀಸಿತು, ಕಾಲೆತ್ತಿತು, ಇಳಿಸಿತು. ಆಮೇಲೆ ಬಕೆಟ್ಟಿನ ತಳಕ್ಕೆ ಚರ್ ಎಂದು ಒಂದು ತೆಳುವಾದ ಧಾರೆ ಬಿತ್ತು. ಇನ್ನೊಂದು.

ಬಸ್ಸು ಹಾರನ್ ಹೊಡೆಯಿತು. ಎರಡನೇ ರೊಟ್ಟಿ ಸುರುಳಿ ಸುತ್ತಿ ಹಿಡಿದು, ಸಹನ ಬ್ಯಾಗು ಹೆಗಲಿಗೇರಿಸಿದಳು.

"ಸಂಜೆ ಕರಿಯಕೆ ಬತ್ತೀಯಲ್ಲವ್ವ?" ತಲೆಯೆತ್ತದೆ ಕೇಳಿದ ಅಪ್ಪ.

ಮಗಳು ಆಗಲೇ ಬಸ್ಸಿನ ಮೆಟ್ಟಿಲ ಮೇಲಿದ್ದಳು. ಉತ್ತರ ಒಲೆಯ ಕಡೆಯಿಂದ ಬಂತು.

"ನೈಟೀನ ಅಲ್ಲೇ ಗೂಟುಕ್ಕೆ ನೇತಾಕಿ, ಸಂಜೀಕೂ ನಿಮ್ಗೇ ಬೇಕು. ನಾ ಒಗಿಯಾಕಿಲ್ಲ."