ನಡು ಹೊಲದ ಸಮಾಧಿ

ನಿಮ್ಮ ಶರಣಮ್ಮಜ್ಜಿಯನ್ನು ನಡು ಹೊಲದಲ್ಲಿ ಹೂಳಿಸಿದವಳು ನಾನು. ಅದು ಅವಳ ಕೊನೆಯ ಆಸೆಯಾಗಿತ್ತು ಎಂದು ನೀವೆಲ್ಲ ಕೇಳುತ್ತ ಬೆಳೆದಿರಿ — ಅದು ಸುಳ್ಳು. ಬೇಕೆಂದೇ ಹೇಳಿದ ಸುಳ್ಳು.

ಮೊಮ್ಮಕ್ಕಳೇ, ಶರಣಮ್ಮ ನನ್ನ ಗಂಡನ ತಂಗಿ. ಅಫಜಲಪುರದಲ್ಲಿ ಕಾಲೇಜು ಓದಿ ಟೀಚರಾದವಳು, ಮದುವೆ ಒಲ್ಲೆನೆಂದವಳು. ನಾನೋ, ಕಿಣ್ಣಿ ಸುಲ್ತಾನದ ಶಾಲೆಯಲ್ಲಿ ಏಳನೇ ಇಯತ್ತೆಗೆ ನಿಂತವಳು. ನಿಮ್ಮ ಅವ್ವ ನೀಲಾ ಹತ್ತನೇ ಇಯತ್ತೆ ಪಾಸಾದಾಗ ಅದೇ ಕಾಲೇಜಿಗೆ ಹೋಗುತ್ತೇನೆಂದು ಕುಣಿದಳು. ಶರಣಮ್ಮ ಚಹಾದ ಬಟ್ಟಲು ಕೆಳಗಿಟ್ಟು, “ಯಾಕ ಬೇಕಣ್ಣಾ ಕಾಲೇಜು? ಆಕೀದು ಥೇಟ್ ವೈನಿ ತಲಿ. ಛಲೋ ವರಾ ನೋಡು, ರೊಟ್ಟಿ ಬಡೀಲಿ” ಎಂದಳು. ವೈನಿ ಎಂದರೆ ನಾನು, ಅವಳ ಅತ್ತಿಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ — ಸೆರಗಿನ ಮರೆಯಲ್ಲಿ. ಆ ವರ್ಷವೇ ನೀಲಾಳ ಮದುವೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಶರಣಮ್ಮ ಹೊಟ್ಟೆಯ ರೋಗ ಹೊತ್ತು ನಮ್ಮ ಮನೆಗೇ ಬಂದಳು. ಗಂಜಿ ಕುಡಿಸಿದೆ, ತಲೆ ಬಾಚಿದೆ. ಅವಳೂ ಕಾಲೇಜಿನ ಇಬ್ಬರು ಗೆಳತಿಯರೂ ಆಗಲೇ ತೀರ್ಮಾನ ಮಾಡಿದ್ದರು: ಅವಳ ತರುವಾಯ ಕಾಲೇಜಿನ ಹತ್ತಿರವಿದ್ದ ಅವಳ ಪಾಲಿನ ಹೊಲ ಕಾಲೇಜಿಗೆ, ಗೆಳತಿಯರು ಕೊಡುವ ದುಡ್ಡಿನಲ್ಲಿ ಅಲ್ಲಿ ಹಳ್ಳಿ ಹುಡುಗಿಯರಿಗೆ ಹಾಸ್ಟೆಲ್. ಹಳ್ಳಿ ಹುಡುಗಿಯರಿಗಂತೆ! ಮನೆಯ ಹುಡುಗಿಯನ್ನು ಒಲೆಯ ಮುಂದೆ ಕೂಡಿಸಿ —

“ವೈನಿ, ನಾ ಸತ್ತರ ನನ್ನ ಹೊಲದ ಬದುವಿನ ಬೇವಿನ ಗಿಡದ ಬುಡಕ ಇಡ್ರಿ. ನಡುವಿನ ಜಾಗಾ ಹುಡುಗ್ಯಾರಿಗಿ ಬಿಡ್ರಿ. ನಿಮಗ ಒಬ್ಬರಿಗೇ ಹೇಳಾಕತ್ತೇನಿ.”

ಹೂಂ ಅಂದೆ.

ಅವಳು ಲಿಂಗೈಕ್ಯಳಾದ ದಿನ ಕುಣಿ ತೋಡುವವರು ಅಂಗಳದಲ್ಲಿ ನಿಂತು, “ಎಲ್ಲಿ ತೋಡೂದ್ರಿ ಗೌಡ್ರ?” ಎಂದು ಕೇಳಿದರು. ನಿಮ್ಮ ತಾತನಿಗೆ ಗೊತ್ತಿರಲಿಲ್ಲ. ಗಂಡಸರ ಮುಂದೆ ಎಂದೂ ಬಾಯಿ ಬಿಡದ ನಾನು ಬಾಗಿಲಿಗೆ ಬಂದೆ. “ನಡು ಹೊಲದಾಗ ಇಡ್ರಿ ಅಂದಿದ್ಲರಿ.” ಯಾರೂ ಎರಡನೇ ಮಾತು ಕೇಳಲಿಲ್ಲ. ಇಷ್ಟು ನಾಚುವವಳು ಸುಳ್ಳು ಹೇಳುವುದಕ್ಕೆ ಬಾಯಿ ತೆರೆದಾಳು ಎಂದು ಯಾರಿಗೆ ಹೊಳೆಯಬೇಕು?

ಸಮಾಧಿ ಕಟ್ಟಿದ ಮೇಲೆ ಆ ಗೆಳತಿಯರಲ್ಲಿ ಒಬ್ಬಳು, ಕಮಲಾಬಾಯಿ, ಬಂದು ಸುತ್ತ ತಿರುಗಿ ನೋಡಿದಳು. “ಅಯ್ಯ ಶರಣಿ, ಸತ್ತ ಮ್ಯಾಲೂ ನಿಂದೇ ಹಟಾ ಏನಬೇ? ನೀನ ನಡುವ ಕುಂತರ ಹುಡುಗ್ಯಾರು ಎಲ್ಲಿ ಮಲಗಬೇಕು?” ಅಳುತ್ತಲೇ ಬೈದಳು. ಬೈಗುಳ ಸತ್ತವಳಿಗೆ ಹೋಯಿತು. ನನಗೆ — ಹೇಳಿಬಿಡುತ್ತೇನೆ — ಹಾಲು ಕುಡಿದಷ್ಟು ಹಿತವಾಯಿತು.

ಸಮಾಧಿ ಕೀಳುವ ಹಾಗಿಲ್ಲ, ಅದರ ಮೇಲೆ ಕಟ್ಟುವ ಹಾಗಿಲ್ಲ. ಕಾಲೇಜಿನವರು ಕೈಮುಗಿದು ಜಾಗ ಬೇಡವೆಂದರು. ಹೊಲ ನಮ್ಮಲ್ಲೇ ಉಳಿಯಿತು. ನೀವು ಉಣ್ಣುವ ತೊಗರಿಬೇಳೆ ಅಲ್ಲಿಯದು.

ಪ್ರತಿ ವರ್ಷ ಅವಳ ದಿನಕ್ಕೆ ಹೋಗಿ ಸಮಾಧಿ ತೊಳೆಯುತ್ತೇನೆ. ನಾದಿನಿಯ ಮೇಲೆ ಎಂಥ ಪ್ರೀತಿ ಎಂದು ಜನ ಕೊಂಡಾಡುತ್ತಾರೆ. ನಾನು ಹೋಗುವುದು ಅವಳಿಗೆ ಒಂದು ಮಾತು ಹೇಳಲಿಕ್ಕೆ: “ನೋಡಬೇ, ರೊಟ್ಟಿ ಬಡಿಯೋ ತಲಿ ಏನ್ ಮಾಡೇದ.”

ಪವಿತ್ರಾ, ಈಗ ನೀನು ಅದೇ ಕಾಲೇಜಿಗೆ ಗೊಬ್ಬೂರಿನಿಂದ ಬಸ್ಸಿನಲ್ಲಿ ಜೋತಾಡುತ್ತ ಹೋಗುತ್ತೀ. ಬಸ್ಸು ತಪ್ಪಿದ ದಿನ ಪಾಠವೂ ತಪ್ಪುತ್ತದೆ. ಮೊನ್ನೆ ನೀನು ಚೀಲ ಮೂಲೆಗೆಸೆದು, “ಸಾಕಾತು ಆಯಿ, ಕಾಲೇಜು ಬಿಡ್ತೇನಿ. ಅಲ್ಲೊಂದು ಹಾಸ್ಟೆಲ್ ಇದ್ದಿದ್ರ —” ಎಂದೆ. ನಿನ್ನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿನ್ನನ್ನೇ ನೋಡಿದಳು. ನಾನು ಅವಳ ಮುಖ ನೋಡಲಾರದೆ ಎದ್ದುಹೋದೆ.

ಕಮಲಾಬಾಯಿ ಇನ್ನೂ ಇದ್ದಾಳೆ. ಸೋಮವಾರ ಅವಳ ಮನೆಗೆ ಹೋಗಿ, ಬೈಸಿಕೊಳ್ಳಬೇಕಾದವಳು ನಾನೆಂದು ಹೇಳುತ್ತೇನೆ. ಈಗ ನನ್ನ ಹೆಸರಿನಲ್ಲಿರುವ ಆ ಹೊಲ ಮಾರಿ, ಬಂದದ್ದನ್ನು ಕಾಲೇಜಿನ ಕೈಗೆ ಕೊಡುತ್ತೇನೆ. ಹಾಸ್ಟೆಲ್ ಬೇರೆ ಜಾಗದಲ್ಲಿ ಏಳಲಿ. ನಿಮ್ಮ ಪಾಲು ಕಡಿಮೆಯಾಗುತ್ತದೆ — ಬೈಯಿರಿ.

ಶರಣಮ್ಮನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರಿದೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ಆದರೆ ಆ ಹುಡುಗಿಯರು ನನಗೆ ಏನೂ ಮಾಡಿರಲಿಲ್ಲ.